ಆಚಾರ್ರ ತಕ್ಕಡಿ, ಗುರುತಿಲ್ಲದ ಗುಂಡುಗಳು

ಗರ್ರ್ ಎಂದು ಸಣ್ಣಗೆ ಹೊರಟು, ಮೇಜಿನ ಗಾಜಿನ ಮೇಲೆ ಒಂದೇ ಹದದಲ್ಲಿ ಉರುಳಿ, ಆ ತುದಿಯಲ್ಲಿ ಕಾದಿದ್ದ ಬೆರಳಿಗೆ ತಾಗಿ ಟಕ್ ಎಂದು ನಿಲ್ಲುವ ಸದ್ದು. ಒಂದು ಗಳಿಗೆ ಏನೂ ಇಲ್ಲ. ಮತ್ತೆ ಗರ್ರ್, ಮತ್ತೆ ಟಕ್. ಅಮೆರಿಕದ ಷಾರ್ಲೆಟ್ಟಿನಲ್ಲಿ ನನ್ನ ಹಿರಿಮಗಳ ಮನೆಯ, ಸುತ್ತ ಗಾಜಿನ ಸನ್‌ರೂಮಿನಿಂದ, ಎರಡು ಸಾವಿರದ ನಾಲ್ಕರ ಆ ಬೇಸಿಗೆಯಿಡೀ ಈ ಸದ್ದು ಕೇಳುತ್ತಿತ್ತು. ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದರೂ ನನ್ನ ಕಿವಿ ಅಲ್ಲೇ ಇರುತ್ತಿತ್ತು. ಉರುಳುತ್ತಿದ್ದದ್ದು ಗೋಲಿಯಲ್ಲ, ಬಂದೂಕಿನ ಗುಂಡು. ಉರುಳಿಸುತ್ತಿದ್ದವರು ಉಡುಪಿ ಕಡೆಯ ಎಪ್ಪತ್ತೆರಡು ವರ್ಷದ ಒಬ್ಬ ಅಕ್ಕಸಾಲಿಗರು. ಬಂದೂಕನ್ನು ಅವರು ಜೀವಮಾನದಲ್ಲಿ ಮುಟ್ಟಿದವರಲ್ಲ.

ನಾನು ಅವರನ್ನು ಆಚಾರ್ರು ಎನ್ನುತ್ತಿದ್ದೆ. ನಮ್ಮ ಕಡೆ ಚಿನ್ನದ ಕೆಲಸದವರನ್ನು ಕರೆಯುವುದೇ ಹಾಗೆ. ಅವರು ನನ್ನನ್ನು ಬಾಯಮ್ಮ ಎನ್ನುತ್ತಿದ್ದರು, ಮಂಗಳೂರಿನ ಕ್ರಿಶ್ಚಿಯನ್ ಹೆಂಗಸರನ್ನು ಊರಲ್ಲಿ ಕರೆಯುವ ಹಾಗೆ. ಅಮೆರಿಕಕ್ಕೆ ಬಂದ ಮೇಲೆ ನಾನು ಕಂಡಕಂಡವರಿಗೆಲ್ಲ ಆಂಟಿ. ಸ್ಟೋರಿನಲ್ಲಿ ಸಿಕ್ಕಿದ ಐವತ್ತು ವರ್ಷದವಳೂ ಆಂಟಿ ಎನ್ನುತ್ತಿದ್ದಳು. ಹಾಗಾಗಿ ಮೊದಲ ದಿನ ಬೇಲಿಯಿಲ್ಲದ ಹುಲ್ಲಿನ ಆಚೆಯಿಂದ “ಬಾಯಮ್ಮ, ಮಂಗಳೂರಲ್ಲಿ ಎಲ್ಲಿ ಆಯ್ತು?” ಎಂಬ ಮಾತು ಬಂದಾಗ, ಆನೆಸ್ಟ್ಲಿ, ಕೈಯಲ್ಲಿದ್ದ ನೀರಿನ ಪೈಪನ್ನು ನನ್ನ ಕಾಲಿನ ಮೇಲೇ ಬಿಟ್ಟುಕೊಂಡೆ.

ಅವರ ಬೆರಳುಗಳನ್ನು ನೋಡಬೇಕಿತ್ತು. ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ಊದುಗೊಳವೆಯ ಉರಿ, ಆಮ್ಲ, ಅರದ ಪುಡಿ ಎಲ್ಲ ಸೇರಿ ಅರುವತ್ತು ವರ್ಷದಲ್ಲಿ ಅವನ್ನು ನದಿಯ ಕಲ್ಲಿನಂತೆ ನುಣ್ಣಗೆ ಮಾಡಿದ್ದವು. ಗ್ರೀನ್ ಕಾರ್ಡಿಗೆ ಬೆರಳಚ್ಚು ತೆಗೆಯುವ ಆಫೀಸಿನಲ್ಲಿ ಒಂದು ಹುಡುಗಿ ಒಂದೊಂದೇ ಬೆರಳನ್ನು ಗಾಜಿಗೆ ಒತ್ತಿ, ಲೋಷನ್ ಹಚ್ಚಿ ಮತ್ತೆ ಒತ್ತಿ, ಕೊನೆಗೆ ಸೂಪರ್‌ವೈಸರನ್ನು ಕರೆತಂದಳಂತೆ. ಆತನಿಗೂ ಏನೂ ಸಿಗಲಿಲ್ಲವಂತೆ. ಜೊತೆಗಿದ್ದ ಅವರ ಮಗಳು ಗಾಬರಿಯಾಗಿದ್ದಳು, ಇವರು ನಗುತ್ತಿದ್ದರಂತೆ. ಬಲಗಣ್ಣು ಯಾವಾಗಲೂ ಅರ್ಧ ಮುಚ್ಚಿಯೇ ಇರುತ್ತಿತ್ತು. ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಕೂತ ವರ್ಷಗಳ ಗುರುತು ಅದು. ಹೊಸಬರಿಗೆ ಇವರು ತಮ್ಮನ್ನೇ ಅಳೆಯುತ್ತಿದ್ದಾರೆ ಎನ್ನಿಸುತ್ತಿತ್ತು. ಅಳೆಯುತ್ತಲೂ ಇದ್ದರು, ಬಿಡಿ.

ಹೆಂಡತಿ ತೀರಿಕೊಂಡ ಮೇಲೆ ಬ್ಯಾಂಕಿನಲ್ಲಿ ಕೆಲಸದಲ್ಲಿದ್ದ ಮಗಳು ಅವರನ್ನು ಕರೆಸಿಕೊಂಡಿದ್ದಳು. ಅವರ ಮನೆ ನಮ್ಮ ಎಡಕ್ಕೆ. ಬರುವಾಗ ಬಟ್ಟೆಗಿಂತ ಜೋಪಾನವಾಗಿ ತಂದದ್ದು ಒಂದು ಮರದ ಪೆಟ್ಟಿಗೆ. ಅದರೊಳಗೆ ಮಡಚಿಟ್ಟ ಚಿನ್ನದ ತಕ್ಕಡಿ, ತೂಕದ ಬಟ್ಟುಗಳು, ಚಿಮುಟ, ಕಪ್ಪು ಒರೆಗಲ್ಲು, ಒಂದು ಶೀಶೆಯಲ್ಲಿ ಚಿನ್ನ ತೂಗುವ ಕೆಂಪು ಗುಲಗಂಜಿ. ಇಲ್ಲಿ ಇದನ್ನೆಲ್ಲ ಎಂತ ಮಾಡುತ್ತೀರಿ ಎಂದು ಕೇಳಿದ್ದಕ್ಕೆ, ಎಂತದೂ ಇಲ್ಲ, ಇರಲಿ ಎಂದಿದ್ದರು. ಮನೆಯವರೆಲ್ಲ ಹೊರಗೆ ಹೋದ ಮೇಲೆ ಅವರು ಖಾಲಿ ತಕ್ಕಡಿಯನ್ನು ಎತ್ತಿ ಹಿಡಿದು ಅದರ ಮುಳ್ಳು ಮಧ್ಯಕ್ಕೆ ಬಂದು ನಿಲ್ಲುವುದನ್ನು ನೋಡುತ್ತ ಕೂತಿರುತ್ತಿದ್ದರಂತೆ. ಇದನ್ನು ಅವರ ಮಗಳೇ ನನಗೆ ಹೇಳಿದ್ದು, ಅರ್ಧ ನಗುತ್ತ, ಅರ್ಧ ಅಳುತ್ತ.

ನಮ್ಮ ಬಲಕ್ಕೆ ಒಬ್ಬ ಅಮೆರಿಕನ್. ಸುತ್ತಮುತ್ತ ಇದ್ದ ಬಟ್ಟೆ ಗಿರಣಿಗಳಲ್ಲಿ ಮಗ್ಗ ರಿಪೇರಿ ಮಾಡುತ್ತಿದ್ದವರು. ಗಿರಣಿಗಳು ಒಂದೊಂದಾಗಿ ಮುಚ್ಚಿ, ಅವರೂ ರಿಟೈರ್ ಆಗಿ, ಗ್ಯಾರೇಜಿನ ಬಾಗಿಲೆತ್ತಿ ಇಡೀ ದಿನ ಅಲ್ಲೇ ಇರುತ್ತಿದ್ದರು. ಗೋಡೆಗೆ ಉದ್ದ ಕೋವಿಗಳ ಕಬ್ಬಿಣದ ಬೀರು ಇದ್ದುದರಿಂದ ಆಚಾರ್ರು ಅವರಿಗೆ ಕೋವಿಯವರು ಎಂದು ಹೆಸರಿಟ್ಟರು. ನಮಗೆಲ್ಲ ಅದೇ ಹೆಸರು ನಿಂತಿತು.

ಕೋವಿಯವರು ತೋಟೆಗಳನ್ನು ಅಂಗಡಿಯಿಂದ ತರುತ್ತಿರಲಿಲ್ಲ. ಒಮ್ಮೆ ಹೊಡೆದು ಖಾಲಿಯಾದ ಹಿತ್ತಾಳೆಯ ಕೊಳವೆಯನ್ನು ತೊಳೆದು, ಮತ್ತೆ ಮದ್ದು ತುಂಬಿ, ಮೂತಿಗೆ ಹೊಸ ಗುಂಡು ಕೂರಿಸಿ ತಾವೇ ಮಾಡಿಕೊಳ್ಳುತ್ತಿದ್ದರು. ಆ ಊರಿನಲ್ಲಿ ಎಷ್ಟೋ ಜನ ಹೀಗೆ ಮಾಡುತ್ತಾರೆ, ನಾವು ಉಪ್ಪಿನಕಾಯಿ ಹಾಕಿದ ಹಾಗೆ. ತೊಂದರೆ ಇರುವುದು ಗುಂಡಿನಲ್ಲಿ. ಯಾರೋ ತೀರಿಕೊಂಡ ಮನೆಯ ಸಾಮಾನು ಮಾರುವಾಗ, ಅಲ್ಲಿ ಕಾಫಿ ಡಬ್ಬಿಗಳಲ್ಲಿ, ಜಾಡಿಗಳಲ್ಲಿ ಗುಂಡುಗಳು ಸಿಗುತ್ತವೆ. ಚೀಟಿಯಿಲ್ಲ, ಗುರುತಿಲ್ಲ. ತುಂಬಿಟ್ಟವನು ಮಣ್ಣಿನಡಿ ಸೇರಿರುತ್ತಾನೆ. ನೋಡಲು ಎಲ್ಲ ಒಂದೇ ತಾಮ್ರದ ಬಣ್ಣ. ಆದರೆ ಒಂದರ ತೂಕ ಇನ್ನೊಂದಕ್ಕಿಲ್ಲ. ಹಗುರ ಗುಂಡಿಗೆ ಅಳೆದ ಮದ್ದಿನ ಮುಂದೆ ಭಾರದ ಗುಂಡು ಕೂತರೆ, ಒತ್ತಡ ತಾಳದೆ ಕೋವಿ ಹೊಡೆಯುವವನ ಮುಖದ ಹತ್ತಿರವೇ ಒಡೆಯಬಹುದು. ಕೋವಿಯವರ ಎಡಗೈಯ ಹೆಬ್ಬೆರಳಿನಲ್ಲಿ ಮೇಲಿನ ಗೆಣ್ಣು ಇರಲಿಲ್ಲ. ಪ್ರಾಯದಲ್ಲಿ ಒಬ್ಬ ಗೆಳೆಯ ಕೊಟ್ಟ ಡಬ್ಬಿಯ ಚೀಟಿಯನ್ನು ನಂಬಿದ್ದಕ್ಕೆ ಹೋದದ್ದು ಎಂದು ನನಗೆ ಹೇಳಿದ್ದರು. ಈಗ ಅವರಿಗೆ ಕಣ್ಣಿನ ಪೊರೆ, ಕೈ ನಡುಕ ಬೇರೆ.

ಆಚಾರ್ರು ಮೂರು ದಿನ ನಮ್ಮ ಹಿತ್ತಿಲಲ್ಲಿ ನಿಂತು, ಕೋವಿಯವರು ಗ್ಯಾರೇಜಿನಲ್ಲಿ ಮೇಜಿಗೆ ಬಾಗಿ ಏನನ್ನೋ ಆರಿಸುವುದನ್ನು ನೋಡಿದರು. ನಾಲ್ಕನೆಯ ದಿನ ತಡೆಯಲಿಲ್ಲ. “ಬಾಯಮ್ಮ, ಆ ಜನ ಎಂತ ಹೆಕ್ಕುವುದು? ಅಕ್ಕಿಯಂತೂ ಅಲ್ಲ” ಎಂದರು. ಅವರಿಗೆ ಇಂಗ್ಲಿಷ್ ಬಾರದು. ನಾನು ಕಾನ್ವೆಂಟಿನಲ್ಲಿ ಸಿಸ್ಟರುಗಳ ಕೈಯಲ್ಲಿ ಕಲಿತವಳು, ಮೇಲಾಗಿ ಮೂವತ್ತು ವರ್ಷ ಮಂಗಳೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಯಾರದೋ ಮಾತನ್ನು ಯಾರಿಗೋ ದಾಟಿಸಿದವಳು. ಜೊತೆಗೆ ಹೋದೆ.

ಕೋವಿಯವರು ಒಂದು ತಟ್ಟೆಯಲ್ಲಿ ಒಂದೇ ಜಾತಿ ಎಂದು ಬೇರ್ಪಡಿಸಿದ ಗುಂಡುಗಳನ್ನು ಇಟ್ಟಿದ್ದರು. ಆಚಾರ್ರು ಕೈಯನ್ನು ಪಂಚೆಗೆ ಒರಸಿಕೊಂಡು, ಕಣ್ಣಿನಲ್ಲೇ ಅನುಮತಿ ಕೇಳಿ, ಎರಡನ್ನು ತೆಗೆದರು. ಒಂದೊಂದು ಅಂಗೈಗೆ ಒಂದೊಂದು. ಕಣ್ಣು ಮುಚ್ಚಿದರು. ಕೈ ಅದಲುಬದಲು ಮಾಡಿದರು. ಇನ್ನೊಂದು, ಮತ್ತೊಂದು ತೆಗೆದು ನೋಡಿದರು. ಏಳನೆಯದನ್ನೋ ಎಂಟನೆಯದನ್ನೋ ತಟ್ಟೆಯ ಹೊರಗಿಟ್ಟು, “ಇದು ಇವುಗಳ ಪೈಕಿ ಅಲ್ಲ ಅಂತ ಹೇಳಿ” ಎಂದರು.

ನಾನು ಹೇಳಿದೆ. ಕೋವಿಯವರು ಮಕ್ಕಳ ಮಾತಿಗೆ ನಗುವ ಹಾಗೆ ನಕ್ಕು, ಮರ್ಯಾದೆಗೆಂದು ಅದನ್ನು ತಮ್ಮ ತೂಕದ ಯಂತ್ರಕ್ಕೆ ಹಾಕಿದರು. ನಗು ಅಲ್ಲಿಗೇ ನಿಂತಿತು. ಒಳಗಿನಿಂದ ಇನ್ನೊಂದು ಕನ್ನಡಕ ತಂದು ಮತ್ತೆ ತೂಗಿದರು. ಆಮೇಲೆ ಮೂಲೆಯಿಂದ ಒಂದು ಕಾಫಿ ಡಬ್ಬಿ ತಂದು ಆಚಾರ್ರ ಮುಂದೆ ಇಟ್ಟು, ಕೂರಲು ತಮ್ಮ ಸ್ಟೂಲನ್ನೇ ಕೊಟ್ಟರು. ಆ ಗುಂಡಿಗೂ ಉಳಿದವಕ್ಕೂ ಇದ್ದ ವ್ಯತ್ಯಾಸ ಒಂದು ಸಣ್ಣ ಮೂಗುತಿಯಷ್ಟು.

ಹಾಗೆ ಕೆಲಸ ಶುರುವಾಯಿತು. ಅವರ ಮಗಳು ಮನೆಯೊಳಗೆ ಗುಂಡು ಬೇಡವೆಂದಳು. ಅಪ್ಪ, ಸಣ್ಣ ಮಕ್ಕಳಿರುವ ಮನೆ, ನೋ ಎಂದರೆ ನೋ. ನನ್ನ ಮಗಳೂ ಮೊದಲು “ಮಮ್ಮಿ, ಆರ್ ಯು ಸೀರಿಯಸ್?” ಎಂದು ಕಣ್ಣರಳಿಸಿದಳು. ಮದ್ದಿಲ್ಲದ ಗುಂಡು ಬರೀ ಲೋಹದ ತುಂಡು, ಮದ್ದೆಲ್ಲ ಕೋವಿಯವರ ಗ್ಯಾರೇಜಿನಲ್ಲೇ ಇರುತ್ತದೆ ಎಂದು ಸಮಾಧಾನ ಹೇಳಿ, ನಮ್ಮ ಸನ್‌ರೂಮಿನ ಗಾಜಿನ ಮೇಜನ್ನು ಆಚಾರ್ರಿಗೆ ಬಿಟ್ಟುಕೊಡಿಸಿದೆ.

ಬೆಳಿಗ್ಗೆ ಒಂಬತ್ತಕ್ಕೆ ಸ್ನಾನ ಮುಗಿಸಿ, ವಿಭೂತಿ ಹಚ್ಚಿ ಬರುತ್ತಿದ್ದರು. ಮೊದಲು ಫ್ಯಾನ್ ಆಫ್. ತಕ್ಕಡಿ ಹೊರಗೆ ಬಂದ ಮೇಲೆ ನಾನು ಬಾಗಿಲು ಕೂಡ ತೆರೆಯುವಂತಿಲ್ಲ. ಒಂದೊಂದು ಗುಂಡನ್ನೂ ಗಾಜಿನ ಮೇಲೆ ಉರುಳಿಸಿ ಕೇಳುವರು. ತಗ್ಗು ಬಿದ್ದದ್ದು, ಚಕ್ಕೆ ಎದ್ದದ್ದು ಇದ್ದರೆ ಸದ್ದಿನಲ್ಲೇ ಗೊತ್ತಾಗುತ್ತಿತ್ತು. ಆಮೇಲೆ ಕೋವಿಯವರು ಕೊಟ್ಟ ಕ್ಯಾಲಿಪರಿನಲ್ಲಿ ದಪ್ಪ, ಉದ್ದ. ಆಮೇಲೆ ಅಯಸ್ಕಾಂತ, ಅಂಟಿಕೊಂಡರೆ ಒಳಗೆ ಉಕ್ಕು ಇದೆ ಎಂದು ಆಚೆಗೆ. ಅನುಮಾನ ಬಂದರೆ ಒರೆಗಲ್ಲಿಗೆ ಒಂದು ಗೀರು. ತಾಮ್ರದ ಗೀರು ಕೆಂಪು, ಸತುವು ಬೆರೆತದ್ದು ತುಸು ಹಳದಿ. ನನಗೆ ಎರಡೂ ಒಂದೇ ಕಾಣುತ್ತಿತ್ತು. ಕೊನೆಗೆ ತೂಕ. ಗುಂಡಿನ ತೂಕವನ್ನು ಅಲ್ಲಿ ಗ್ರೇನ್ ಎಂಬ ಕಾಳಿನ ಲೆಕ್ಕದಲ್ಲಿ ಹೇಳುತ್ತಾರೆ ಎಂದು ನಾನು ಹೇಳಿದಾಗ ಅವರಿಗೆ ಆದ ಖುಷಿ ಅಷ್ಟಿಷ್ಟಲ್ಲ. ತಮ್ಮ ಗುಲಗಂಜಿಯನ್ನು ಕೋವಿಯವರ ಯಂತ್ರದಲ್ಲಿ ತೂಗಿಸಿ, ಒಂದು ಗುಲಗಂಜಿ ಹತ್ತಿರ ಹತ್ತಿರ ಎರಡು ಗ್ರೇನ್ ಎಂದು ಕಂಡುಕೊಂಡು, “ನೋಡಿ, ಇವರೂ ಕಾಳು ನೋಡಿಯೇ ಕಲ್ತವರು” ಎಂದು ದಿನವಿಡೀ ಹೇಳಿದರು.

ನನಗೆ ಕೊಟ್ಟ ಕೆಲಸ ಬರವಣಿಗೆ. ಸಿಸ್ಟರುಗಳು ಬೆತ್ತ ಹಿಡಿದು ಕಲಿಸಿದ ನನ್ನ ಹ್ಯಾಂಡ್‌ರೈಟಿಂಗಿನಲ್ಲಿ ದಪ್ಪ, ತೂಕ, ಎಣಿಕೆ ಬರೆದ ಚೀಟಿ ಅಂಟಿಸಿದ ಮೇಲೆಯೇ ಡಬ್ಬಿ ಕೋವಿಯವರಿಗೆ ಹೋಗಬೇಕು. ಡಬ್ಬಿಗಳೆಂದರೆ ನಮ್ಮ ಎರಡೂ ಮನೆಗಳಲ್ಲಿ ರಾಶಿ ಬಿದ್ದಿದ್ದ ಮೊಸರಿನ ಪ್ಲಾಸ್ಟಿಕ್ ಡಬ್ಬಿಗಳು. ಒಂದು ಕಟ್ಟುನಿಟ್ಟು ಏನೆಂದರೆ, ಇವತ್ತು ತೂಗಿದ್ದಕ್ಕೆ ಇವತ್ತೇ ಚೀಟಿ ಇಲ್ಲ. ಇನ್ನೊಂದು ದಿನ ಮತ್ತೆ ತೂಗಿ, ಎರಡೂ ಒಂದೇ ಬಂದರೆ ಮಾತ್ರ. ಮೊದಲ ದಿನ ಕಣ್ಣು ತನಗೆ ಬೇಕಾದ್ದನ್ನೇ ಕಾಣುತ್ತದೆ ಎನ್ನುತ್ತಿದ್ದರು. ಯಾವ ಲೆಕ್ಕಕ್ಕೂ ಸಿಗದವುಗಳಿಗೆ ಒಂದು ಬೇರೆಯೇ ಡಬ್ಬಿ. ಅದರ ಮೇಲೆ ಏನು ಬರೆಯಲಿ ಎಂದಾಗ “ಗೊತ್ತಿಲ್ಲ ಅಂತ ಬರೀರಿ, ಅದರಲ್ಲಿ ನಾಚಿಕೆ ಎಂತ?” ಎಂದರು. ಕೋವಿಯವರೂ ಅದನ್ನು ‘ಗೊಟಿಲಾ ಕ್ಯಾನ್’ ಎಂದೇ ಕರೆಯತೊಡಗಿದರು. ಅದರಲ್ಲಿದ್ದ ಗುಂಡುಗಳ ಸೀಸ ಕರಗಿ ಮೀನಿನ ಗಾಳಕ್ಕೆ ಕಟ್ಟುವ ಭಾರವಾಗುತ್ತಿತ್ತು.

ನಾನು ಎಷ್ಟೋ ವಿದ್ಯಾವಂತರನ್ನು ಕಂಡಿದ್ದೇನೆ. ಆದರೆ ಒಬ್ಬ ಮನುಷ್ಯ ತನಗೆ ತಿಳಿದದ್ದು ಎಲ್ಲಿಗೆ ಮುಗಿಯುತ್ತದೆ ಎಂಬುದನ್ನು ಅಷ್ಟು ಸರಿಯಾಗಿ ಬಲ್ಲದ್ದನ್ನು ಬೇರೆಲ್ಲೂ ಕಂಡಿಲ್ಲ. ಬಂದೂಕೇ ಹಿಡಿಯದ ಕೈಗೆ ಇದು ಹೇಗೆ ಒಲಿಯಿತು ಎಂದು ಒಮ್ಮೆ ಕೇಳಿದೆ. ಅವರಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. ಮದುವೆಗೆಂದು ಯಾರೋ ಅಜ್ಜಿಯ ಸರ ಕರಗಿಸಲು ತರುತ್ತಾರೆ, ಅದೂ ಯಾರೋ ತೀರಿಹೋದವರು ಬಿಟ್ಟುಹೋದದ್ದೇ, ಅದರಲ್ಲಿ ಎಂತ ಉಂಟು ಎಂದು ಹೇಳುವುದು ತಮ್ಮ ಕೆಲಸ, ಇದೂ ಅದೇ ಅಲ್ಲವೇ ಎಂದರು.

ನವೆಂಬರಿನಲ್ಲಿ ಅವರ ಮಗಳು ಅವರನ್ನು ಐದಾರು ದಿನ ಅಟ್ಲಾಂಟಾದ ದೇವಸ್ಥಾನಕ್ಕೂ ಅಲ್ಲಿಯ ನೆಂಟರ ಮನೆಗೂ ಕರೆದುಕೊಂಡು ಹೋದಳು. ಮೇಜಿನ ಮೇಲೆ ಎರಡು ಡಬ್ಬಿಗಳಿದ್ದವು. ಒಂದಕ್ಕೆ ಚೀಟಿ ಅಂಟಿಸಿ ಆಗಿತ್ತು. ಇನ್ನೊಂದರ ಎರಡನೆಯ ತೂಕ ಬಾಕಿ ಇತ್ತು, ಚೀಟಿ ಇರಲಿಲ್ಲ. ಮೊದಲಿನದರಲ್ಲಿ ಅರ್ಧ, ಇದರಲ್ಲಿ ಸ್ವಲ್ಪವೇ, ಎರಡರಲ್ಲೂ ಅದೇ ಬಣ್ಣ, ಅದೇ ಮೊನಚು, ನನ್ನ ಕಣ್ಣಿಗೆ ಅದೇ ಉದ್ದ.

ಆ ಭಾನುವಾರ ನಮ್ಮಲ್ಲಿ ಪ್ರೇಯರ್ ಮೀಟಿಂಗ್. ಬಂದವಳೊಬ್ಬಳು ನನ್ನ ಕರಿಬೇವಿನ ಗಿಡ ನೋಡಿ ಒಂದು ಸಸಿ ಕೊಡಿ ಆಂಟಿ ಎಂದಳು. ಅಮೆರಿಕದಲ್ಲಿ ಕರಿಬೇವಿನ ಸಸಿ ಕೇಳಿದವರಿಗೆ ಇಲ್ಲ ಎನ್ನಲಾಗುತ್ತದೆಯೇ? ಸಸಿ ಕೀಳಲು ಹೋದರೆ ಹಾಕಿಕೊಡಲು ಡಬ್ಬಿಯಿಲ್ಲ. ಇದ್ದಬದ್ದದ್ದೆಲ್ಲ ಆಚಾರ್ರ ಕೆಲಸಕ್ಕೆ ಹೋಗಿತ್ತು. ಸನ್‌ರೂಮಿಗೆ ಬಂದೆ. ಒಂದೇ ಸಾಮಾನಿಗೆ ಎರಡು ಡಬ್ಬಿ ಏಕೆ ಎಂದುಕೊಂಡು, ಚೀಟಿಯಿಲ್ಲದ್ದನ್ನು ಚೀಟಿಯಿದ್ದದ್ದಕ್ಕೆ ಸುರಿದೆ. ಖಾಲಿ ಡಬ್ಬಿಯ ತಳಕ್ಕೆ ಕತ್ತರಿಯಿಂದ ತೂತು ಹೊಡೆದು, ಮಣ್ಣು ತುಂಬಿ, ಸಸಿ ನೆಟ್ಟು ಕೊಟ್ಟುಕಳಿಸಿದೆ. ಮನೆ ಚೊಕ್ಕವಾಯಿತು ಎಂಬ ಸಂತೋಷ ಬೇರೆ. ಮರುದಿನ ಕೋವಿಯವರು ಬಂದು ಕೇಳಿದಾಗ ಆ ಡಬ್ಬಿಯನ್ನು ನಾನೇ ಅವರ ಕೈಗೆ ಕೊಟ್ಟೆ. ಚೀಟಿ ಇತ್ತಲ್ಲ.

ಗುರುವಾರ ಮಧ್ಯಾಹ್ನ ಆಚಾರ್ರು ಅಟ್ಲಾಂಟಾದಿಂದ ಬಂದವರು, ಕಾಲು ತೊಳೆದು ನೇರವಾಗಿ ಸನ್‌ರೂಮಿಗೆ ಬಂದರು. ಮೇಜನ್ನು ನೋಡಿದರು. ನಾನು ಪ್ರಸಾದ ಎಲ್ಲಿ ಎಂದು ನಗುತ್ತ ಕೇಳಿದ್ದು ಅವರಿಗೆ ಕೇಳಿಸಲಿಲ್ಲ.

“ಇಲ್ಲಿ ಚೀಟಿ ಇಲ್ಲದ್ದು ಒಂದು ಇತ್ತಲ್ಲ ಬಾಯಮ್ಮ.”

“ಎರಡೂ ಒಂದೇ ಅಲ್ವಾ ಆಚಾರ್ರೆ, ಒಟ್ಟಿಗೆ ಹಾಕಿದೆ. ಡಬ್ಬಿ ಒಂದು ಬೇಕಿತ್ತು.”

ಅವರು ಬೈಯಲಿಲ್ಲ. ಒಟ್ಟಿಗೆ ಹಾಕಿದ್ದು ಎಲ್ಲಿ ಎಂದು ಮಾತ್ರ ಕೇಳಿದರು. ಕೋವಿಯವರು ಸೋಮವಾರವೇ ಒಯ್ದರು ಎಂದೆ. ಅವರ ಮುಖದ ಬಣ್ಣ ಇಳಿದದ್ದನ್ನು ನಾನು ನೋಡಿದೆ. ಆ ಚೀಟಿಯಿಲ್ಲದ್ದರಲ್ಲಿ ಒಂದೊಂದು ಗುಂಡೂ ಎಂಟು ಗುಲಗಂಜಿ ಹೆಚ್ಚು ಭಾರದ್ದು ಎಂದರು. ಅಷ್ಟರಲ್ಲಿ ಬಲಗಡೆಯ ಮನೆಯಿಂದ ಪಿಕಪ್ ಟ್ರಕ್ ಸ್ಟಾರ್ಟ್ ಆದ ಸದ್ದು ಕೇಳಿತು. ಜಿಂಕೆ ಬೇಟೆಯ ಕಾಲ. ಮೂರು ದಿನ ಕೂತು ತೋಟೆ ತುಂಬಿದ ಕೋವಿಯವರು, ಅವನ್ನು ಹೊಡೆದು ನೋಡಲು ಹೊರಟಿದ್ದರು.

ಆಚಾರ್ರು ಓಡಿದರು. ಎಪ್ಪತ್ತೆರಡು ವರ್ಷ, ಬರಿಗಾಲು, ಒದ್ದೆ ಪಂಚೆ, ಹುಲ್ಲಿನ ಮೇಲೆ ಬಿದ್ದ ಪೈನ್ ಮರದ ಸೂಜಿಗಳು. ಟ್ರಕ್ ಹಿಂದೆ ಹಿಂದೆ ಬರುತ್ತಿತ್ತು. ಅವರು ಅದರ ಹಿಂದುಗಡೆ ಹೋಗಿ ನಿಂತು ಎರಡೂ ಅಂಗೈಗಳನ್ನು ಅದಕ್ಕೆ ಒತ್ತಿ ಹಿಡಿದರು, ತಳ್ಳಿ ನಿಲ್ಲಿಸುವವರ ಹಾಗೆ. ಬ್ರೇಕಿನ ಕೆಂಪು ದೀಪ ಅವರ ಎದೆಯ ಮೇಲೆ ಹತ್ತಿತು. ನಾನು ಏದುಸಿರು ಬಿಡುತ್ತ ಬರುವಷ್ಟರಲ್ಲಿ ಕೋವಿಯವರು ಇಳಿದು ಏನಾಯಿತು, ಹೂ ಈಸ್ ಹರ್ಟ್ ಎಂದು ಕೇಳುತ್ತಿದ್ದರು.

“ಆ ತೋಟೆಗಳನ್ನು ಹೊಡೀಬೇಡಿ ಅಂತ ಹೇಳಿ. ಬೆರಕೆ ಆಗಿದೆ. ತಪ್ಪು ನಂದು ಅಂತ ಹೇಳಿ.”

ಮೊದಲನೆಯದನ್ನು ಹೇಳಿದೆ. ಎರಡನೆಯದನ್ನು ಹೇಳಿದೆ. ಮೂರನೆಯದಕ್ಕೆ ಬಾಯಿ ಬರಲಿಲ್ಲ. ಆಚಾರ್ರು ನನ್ನ ಕಡೆ ತಿರುಗಿದರು. “ಬಾಯಮ್ಮ, ತೆರೆದಿಟ್ಟು ಹೋದವ ನಾನು. ನಮ್ಮ ಅಂಗಡಿಯೊಳಗೆ ಚಿನ್ನ ಹಾಳಾದರೆ, ಯಾರ ಕೈಯಿಂದ ಆದರೂ, ಆಚಾರಿಯದ್ದೇ ತಪ್ಪು. ಹೇಳಿ.”

ನಾನು ಹೇಳಿದೆ. ಹಿ ಸೇಸ್ ಇಟ್ ಈಸ್ ಹಿಸ್ ಫಾಲ್ಟ್. ಒಂದು ಶಬ್ದ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಎಕ್ಸ್‌ಚೇಂಜಿನಲ್ಲಿ ಹಾಗೇ ನಮಗೆ ಕಲಿಸಿದ್ದು. ಆದರೆ ಆ ಹೊತ್ತು ನನಗಾದದ್ದು ದುಃಖವಲ್ಲ. ಗಾಡ್ ಫಾರ್‌ಗಿವ್ ಮಿ, ಹೊಟ್ಟೆಯೊಳಗೆ ತಣ್ಣಗಾದ ಹಾಗೆ ಒಂದು ನೆಮ್ಮದಿ.

ಆ ಸಂಜೆ ಗ್ಯಾರೇಜಿನಲ್ಲಿ ಕೋವಿಯವರು ಸುತ್ತಿಗೆಯಂಥ ಒಂದು ಸಾಧನದಿಂದ ತೋಟೆಗಳನ್ನು ಒಂದೊಂದಾಗಿ ಬಿಡಿಸಿದರು. ಗುಂಡು ಒಂದು ಕಡೆ, ಮದ್ದು ಒಂದು ಕಡೆ. ಆಚಾರ್ರು ತಕ್ಕಡಿ ತಂದು ಗುಂಡುಗಳನ್ನು ತೂಗಿದರು. ನಲವತ್ತು ತೋಟೆಗಳಲ್ಲಿ ಒಂಬತ್ತು ಭಾರದವು. ಒಂಬತ್ತನ್ನೂ ಸಾಲಾಗಿ ನಿಲ್ಲಿಸಿದ್ದನ್ನು ಕೋವಿಯವರು ಬಹಳ ಹೊತ್ತು ನೋಡಿದರು. ಹೊಡೆದಿದ್ದರೆ ಬಹುಶಃ ಏನೂ ಆಗುತ್ತಿರಲಿಲ್ಲ ಎಂದು ನನ್ನ ಸಮಾಧಾನಕ್ಕೆ ಹೇಳಿದರು. ಹೇಳುವಾಗ ಅವರ ಬಲಗೈ ಎಡಗೈಯ ಆ ಮೊಂಡು ಹೆಬ್ಬೆರಳನ್ನು ಸವರುತ್ತಿತ್ತು. ನಾವು ಹೊರಡುವಾಗ ಆಚಾರ್ರ ಕೈ ಕುಲುಕಿ ಥ್ಯಾಂಕ್ ಯು ಎಂದರು. ಆದರೆ ಅಲ್ಲಿಂದ ಮುಂದೆ ಡಬ್ಬಿ ತರಲಿಲ್ಲ.

ತಪ್ಪು ಕೋವಿಯವರದ್ದೂ ಅಲ್ಲ. ಚೀಟಿಯನ್ನು ನಂಬಿ ಒಮ್ಮೆ ಬೆರಳು ಕಳೆದುಕೊಂಡ ಮನುಷ್ಯ ಎರಡನೆಯ ಸಲ ಚೀಟಿಯನ್ನು ಹೇಗೆ ನಂಬಬೇಕು? ದೂರದಿಂದ ಕೈ ಬೀಸುತ್ತಿದ್ದರು. ಕ್ರಿಸ್‌ಮಸ್ಸಿಗೆ ಎರಡೂ ಮನೆಗಳಿಗೆ ಜಿಂಜರ್ ಕುಕೀಸ್ ಕಳಿಸಿದರು. ಅಂಗಡಿಯಿಂದ ಹೊಸ ಗುಂಡಿನ ಮೊಹರಿನ ಪೆಟ್ಟಿಗೆಗಳು ಅವರ ಬಾಗಿಲಿಗೆ ಬರತೊಡಗಿದವು.

ಚಳಿಗಾಲವಿಡೀ ಆಚಾರ್ರು ಒಂಬತ್ತು ಗಂಟೆಗೆ ಸ್ನಾನ ಮಾಡಿ, ವಿಭೂತಿ ಹಚ್ಚಿ ನಮ್ಮಲ್ಲಿಗೆ ಬರುವುದನ್ನು ಬಿಡಲಿಲ್ಲ. ಕಾಫಿ ಕುಡಿದು ಗಾಜಿನ ಮೇಜಿನ ಮುಂದೆ ಕೂರುವರು. ನನ್ನ ಜಪಮಾಲೆಯ ಕೊಂಡಿ ಸರಿಮಾಡಿದರು, ಮೊಮ್ಮಗಳ ಕಿವಿಯೋಲೆಯ ತಿರುಪು ಸರಿಮಾಡಿದರು, ನನ್ನ ಕನ್ನಡಕದ ಕಾಲು ಬಿಗಿ ಮಾಡಿದರು. ಆಮೇಲೆ ಮನೆಯಲ್ಲಿ ಸರಿಮಾಡುವುದಕ್ಕೆ ಏನೂ ಉಳಿಯಲಿಲ್ಲ. ಕೈ ಎರಡನ್ನೂ ಮಡಿಲಲ್ಲಿಟ್ಟು ಹೊರಗೆ ನೋಡುತ್ತಿದ್ದರು. ಫೆಬ್ರವರಿಯ ಒಂದು ದಿನ “ಅವರಿಗೆ ಈಗ ಗುಂಡು ಎಲ್ಲಿಂದಲೂ ಸಿಗುವುದಿಲ್ವೋ ಏನೋ” ಎಂದರು. ಮೊಹರಿನ ಪೆಟ್ಟಿಗೆಗಳು ಅವರ ಕಣ್ಣಿಗೂ ಬಿದ್ದಿದ್ದವು. ಅರುವತ್ತು ವರ್ಷ ಅವರ ತಕ್ಕಡಿಯ ಬಗ್ಗೆ ಯಾರೂ ಒಂದು ಕೆಟ್ಟ ಮಾತು ಆಡಿದ್ದಿಲ್ಲ ಎಂದು ಅವರ ಮಗಳು ಹೇಳಿದ್ದಳು. ನನ್ನ ಒಂದು ಕರಿಬೇವಿನ ಸಸಿಗೆ ಅವರು ಆ ಹೆಸರನ್ನು ಕೊಟ್ಟುಬಿಟ್ಟಿದ್ದರು. ಒಂದು ಸಲವೂ ಅದರ ಮಾತೆತ್ತಲಿಲ್ಲ.

ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ನಾನು ಕನ್‌ಫೆಷನ್‌ಗೆ ಹೋದೆ. ಪರದೆಯ ಆಚೆಯ ಫಾದರಿಗೆ ಇಡೀ ಕಥೆ ಹೇಳಿದೆ. ಅವರಿನ್ನೂ ಯುವಕರು ಪಾಪ. ಗುಂಡು, ತಕ್ಕಡಿ, ಮೊಸರಿನ ಡಬ್ಬಿ ಎಲ್ಲ ಕೇಳಿ ಗಲಿಬಿಲಿಗೊಂಡಿರಬೇಕು. ಮೂರು ಹೇಲ್ ಮೇರಿ ಪ್ರಾರ್ಥನೆ ಹೇಳಲು ತಿಳಿಸಿ ಕಳಿಸಿದರು. ಮೊಣಕಾಲೂರಿ ಮೂರನ್ನೂ ಹೇಳಿ ಮುಗಿಸಿದೆ. ಎದ್ದಾಗ ಭಾರ ಇದ್ದಲ್ಲೇ ಇತ್ತು. ಕ್ಷಮೆ ಕೇಳಬೇಕಾದ ಬಾಗಿಲು ಅದಲ್ಲ ಎಂದು ಗೊತ್ತಾಗುವುದಕ್ಕೆ ನನ್ನ ಪ್ರಾಯದಲ್ಲಿ ಥಿಯಾಲಜಿ ಬೇಕಿಲ್ಲ.

ಮನೆಗೆ ಬಂದು, ಕೋಟ್ ಕೂಡ ತೆಗೆಯದೆ ಬಲಗಡೆಯ ಗ್ಯಾರೇಜಿಗೆ ನಡೆದೆ. ಕೋವಿಯವರು ಹುಲ್ಲು ಕತ್ತರಿಸುವ ಯಂತ್ರ ಬಿಚ್ಚಿಕೊಂಡಿದ್ದರು. ನಿಂತಲ್ಲೇ ಹೇಳಿದೆ. ಎರಡು ಡಬ್ಬಿ, ಒಂದು ಸಸಿ, ಸುರಿದವಳು ನಾನು, ಕೊಟ್ಟವಳು ನಾನು. ಆಚಾರ್ರು ತಪ್ಪು ತಮ್ಮದು ಎಂದಾಗ ಅದನ್ನು ಇಂಗ್ಲಿಷಿಗೆ ಮಾಡಿ ನಿಮ್ಮ ಕೈಗೆ ಕೊಟ್ಟವಳೂ ನಾನೇ. ಕೋವಿಯವರು ಎಣ್ಣೆ ಕೈಯನ್ನು ಬಟ್ಟೆಗೆ ಒರಸುತ್ತ ಕೇಳಿಸಿಕೊಂಡರು. ಕೋಪ ಮಾಡುವರೆಂದು ಕಾದೆ. ಹಾಗಿದ್ದರೆ ಆ ಮನುಷ್ಯ ಇಡೀ ಚಳಿಗಾಲ ಇದನ್ನು ಹೊತ್ತುಕೊಂಡು ನಮ್ಮ ಪಕ್ಕದಲ್ಲೇ ಕೂತಿದ್ದರೇ ಎಂದು ಕೇಳಿದರು. ಯೆಸ್ ಎಂದೆ.

ಮರುದಿನ ಒಂಬತ್ತೂಕಾಲಕ್ಕೆ ನಮ್ಮ ಸನ್‌ರೂಮಿನ ಬಾಗಿಲು ತಟ್ಟಿದ ಸದ್ದಾಯಿತು. ಕೋವಿಯವರು ಟೋಪಿಯನ್ನು ಕಂಕುಳಲ್ಲಿ ಒತ್ತಿಕೊಂಡು, ಎರಡು ಕಾಫಿ ಡಬ್ಬಿಗಳನ್ನು ಎದೆಗೆ ಅವಚಿಕೊಂಡು ನಿಂತಿದ್ದರು. ಡಬ್ಬಿಗಳನ್ನು ಮೇಜಿನ ಮೇಲಿಟ್ಟು ಆಚಾರ್ರ ಬಲಗೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು. ಬಿಡಲೇ ಇಲ್ಲ. ಆಚಾರ್ರು ಮುಜುಗರಪಟ್ಟು ನನ್ನ ಮುಖ ನೋಡಿದರು.

“ಎಂತ ಬಾಯಮ್ಮ ಇದು?”

“ನಾನು ನಿನ್ನೆ ಹೋಗಿ ಎಲ್ಲ ಹೇಳಿದೆ ಆಚಾರ್ರೆ. ಸುರಿದದ್ದು ನಾನು ಅಂತ.”

ಅವರ ಅರ್ಧ ಮುಚ್ಚಿದ ಕಣ್ಣು ಪೂರ್ತಿ ತೆರೆದದ್ದನ್ನು ನಾನು ಆಗ ಮಾತ್ರ ನೋಡಿದ್ದು. “ಅವರು ನಿಮಗೆ ಬೈದ್ರಾ?” ಎಂದು ಕೇಳಿದರು. ಇಲ್ಲ ಎಂದೆ. “ಹಾಗಾದ್ರೆ ಫ್ಯಾನ್ ಆಫ್ ಮಾಡಿ” ಎಂದು ಕೈ ಬಿಡಿಸಿಕೊಂಡು ಕೂತರು.

ಎರಡನೆಯ ಮಗಳಿಗೆ ಮಗುವಾಗುವುದಿತ್ತು. ಅವಳ ಮನೆ ದೂರದ ಜರ್ಮನ್‌ಟೌನ್ ಎಂಬ ಊರಿನಲ್ಲಿ. ಮೇ ತಿಂಗಳಲ್ಲಿ ನಾನು ಷಾರ್ಲೆಟ್ ಬಿಟ್ಟೆ. ಆರು ತಿಂಗಳಿಗೆಂದು ಹೋದವಳು ಅಲ್ಲೇ ಉಳಿದುಬಿಟ್ಟೆ. ಎರಡು ವರ್ಷದ ಬಳಿಕ ಆಚಾರ್ರು ಊರಿಗೆಂದು ಹೋದವರು ಅಲ್ಲಿಯೇ ತೀರಿಕೊಂಡರು. ಬೆಳಿಗ್ಗೆ ಸ್ನಾನಕ್ಕೆ ನೀರು ಕಾಯುತ್ತಿದ್ದಾಗ ಎಂದು ಅವರ ಮಗಳು ಫೋನಿನಲ್ಲಿ ಹೇಳಿದಳು. ಕೋವಿಯವರಿಗೆ ಯಾರು ತಿಳಿಸುವುದು ಎಂದು ಅವಳು ಹಿಂಜರಿಯುತ್ತಿದ್ದಳು. ಅದೊಂದು ಮಾತನ್ನು ನಾನೇ ದಾಟಿಸುತ್ತೇನೆ ಎಂದೆ. ಕೋವಿಯವರಿಗೆ ಫೋನ್ ಮಾಡಿ, ಒಂದು ಶಬ್ದ ಹೆಚ್ಚುಕಡಿಮೆಯಿಲ್ಲದೆ ದಾಟಿಸಿದೆ.

ನಾನು ಆಚಾರ್ರನ್ನು ಕೊನೆಯ ಸಲ ನೋಡಿದ್ದು ಷಾರ್ಲೆಟ್ ಬಿಟ್ಟ ಆ ದಿನವೇ. ನಾನಿಲ್ಲದ ಮೇಲೆ ಅದೇ ಅನುಕೂಲವೆಂದು ಮೇಜು, ಪೆಟ್ಟಿಗೆ ಎಲ್ಲ ಕೋವಿಯವರ ಗ್ಯಾರೇಜಿನ ಒಂದು ಪಕ್ಕಕ್ಕೆ ಹೋಗಿತ್ತು. ಅಳಿಯ ಕಾರಿಗೆ ಸೂಟ್‌ಕೇಸ್ ತುಂಬುತ್ತಿದ್ದ. ನಾನು ಗುಡ್‌ಬೈ ಹೇಳಲೆಂದು ಅಲ್ಲಿಗೆ ಹೋದೆ. ಬಾಗಿಲೆತ್ತಿದ ಗ್ಯಾರೇಜಿನ ಹೊಸ್ತಿಲಲ್ಲಿ ನಿಂತೆ. ಇಬ್ಬರು ಮುದುಕರೂ ಒಂದೇ ಮೇಜಿಗೆ ಬಾಗಿದ್ದರು. ಒಬ್ಬರು ಕ್ಯಾಲಿಪರ್ ಚಾಚಿದರೆ ಇನ್ನೊಬ್ಬರು ಕೇಳದೆಯೇ ಚಿಮುಟ ಕೊಡುತ್ತಿದ್ದರು. ಒಂದು ಮಾತಿಲ್ಲ. ಹೇಳಬೇಕೆಂದು ನಾನು ರಾತ್ರಿಯೆಲ್ಲ ಜೋಡಿಸಿಟ್ಟುಕೊಂಡಿದ್ದ ಮಾತುಗಳಿಗೆ ಬಾಯಿ ತೆರೆದೆ. ಆಚಾರ್ರು ತಲೆಯೆತ್ತದೆ ಎಡಗೈಯನ್ನು ಒಮ್ಮೆ ಅಲ್ಲಾಡಿಸಿದರು, ಬಾಯೊಳಗೇ ಏನೋ ಅಂದರು. ನನಗೆ ಕೇಳಿಸಲಿಲ್ಲ, ಏನೆಂದೂ ತಿಳಿಯಲಿಲ್ಲ.

ಕೋವಿಯವರು ತಿರುಗಿ ನನ್ನನ್ನು ನೋಡಿ ಮೆಲ್ಲನೆ ಇಂಗ್ಲಿಷಿನಲ್ಲಿ ತಿಳಿಸಿದರು. ಬೆಳಕಿಗೆ ಅಡ್ಡ ನಿಂತಿದ್ದೀರಂತೆ, ಮ್ಯಾಮ್, ಸ್ವಲ್ಪ ಪಕ್ಕಕ್ಕೆ ಬರಬೇಕಂತೆ.

ನಾನು ಪಕ್ಕಕ್ಕೆ ಸರಿದೆ. ಬಿಸಿಲು ಅವರ ಕೈಗಳ ಮೇಲೆ ಬಿತ್ತು.